ಕಣ್ಣಂಚಿಗೆ ಹಚ್ಚಿದ ಮುಲಾಮು

ನಮ್ಮ ಮಾವನವರ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಮೂಗು ದಿನವಿಡೀ ಮೇಜಿನ ಮೇಲೆ ಬಗ್ಗಿರುವುದರಿಂದ ಗಿರಾಕಿಗಳಿಗೆ ಅದು ಕಾಣುವುದಿಲ್ಲ. ಎಷ್ಟು ತಾಳ್ಮೆಯ ಮನುಷ್ಯ, ಎಷ್ಟು ಸಮಾಧಾನ ಎಂದು ಹೊಗಳಿ ಹೋಗುತ್ತಾರೆ. ಒಳಗೆ ಪಾತ್ರೆ ತೊಳೆಯುತ್ತಿರುವ ನನಗೆ ನಗು ಬರುತ್ತದೆ. ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಆ ತಾಳ್ಮೆಯಲ್ಲಿ ನನ್ನ ಪಾಲಿಗೆ ಎಷ್ಟು ಬಂದಿದೆ ಎಂದು ನನಗೆ ಗೊತ್ತು.

ಅವರದು ವಾಚು ರಿಪೇರಿ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಅರ್ಧ ಬಾಗಿಲು, ಅದರ ಹಿಂದೆ ಎದೆ ಮಟ್ಟದ ಮೇಜು, ಕತ್ತು ಬಗ್ಗಿಸಿದ ದೀಪ, ಮೂರು ಚಿಮುಟ, ಅಂಗಿಯ ಗುಂಡಿ ಗಾತ್ರದ ಡಬ್ಬಿಗಳು. ಗೋಡೆಯ ತುಂಬ ಹಳೆಯ ಗಡಿಯಾರಗಳು. ಬೆಳಿಗ್ಗೆ ಎಂಟಕ್ಕೆ ಅವಕ್ಕೆಲ್ಲ ಕೀಲಿ ಕೊಡುವುದು ಮಾವನವರ ಮೊದಲ ಕೆಲಸ. ಮೈ ಸುಡುವ ಜ್ವರ ಬಂದ ದಿನವೂ ಅದನ್ನು ತಪ್ಪಿಸಿದವರಲ್ಲ. ಮಲಗಿಕೊಳ್ಳಿ ಎಂದು ಬೇಡಿದರೆ, "ಒಂದು ದಿನ ತಪ್ಪಿಸಿದ್ರೆ ಅವಕ್ಕೆ ನನ್ನ ಮೇಲೆ ನಂಬಿಕೆ ಹೋಗುತ್ತೆ ಕಣಮ್ಮ" ಎಂದು ಗೋಡೆ ಹಿಡಿದುಕೊಂಡು ಎದ್ದು ಹೋಗಿದ್ದರು.

ಅವರ ಬಲಗಣ್ಣಿಗೆ ಸದಾ ಒಂದು ಭೂತಗನ್ನಡಿ. ಪಟ್ಟಿಯಿಲ್ಲ, ದಾರವಿಲ್ಲ, ಹುಬ್ಬು ಮತ್ತು ಕೆನ್ನೆಯ ನಡುವೆ ಸಿಕ್ಕಿಸಿಕೊಂಡು ಸ್ನಾಯು ಬಿಗಿಹಿಡಿದೇ ಅದನ್ನು ನಿಲ್ಲಿಸಿಕೊಳ್ಳಬೇಕು. ಈ ಕಸುಬಿನವರಿಗೆ ಮಾತ್ರ ಬರುವ ವಿದ್ಯೆ. ನನ್ನ ಗಂಡ ಚಿಕ್ಕವನಿದ್ದಾಗ ಪ್ರಯತ್ನಪಟ್ಟು, ಅದು ಹಾಲಿನ ಪಾತ್ರೆಗೆ ಬಿದ್ದು, ಬೆನ್ನು ಬಿಸಿಯಾದ ಕಥೆ ನಮ್ಮ ಮನೆಯಲ್ಲಿ ಈಗಲೂ ನಡೆಯುತ್ತದೆ. ಅದು ಮಾವನವರಿಗೆ ಕೆಲಸ ಕಲಿಸಿದ ಗುರುಗಳು ಕೊಟ್ಟದ್ದು. ಅಂಚಿಗೆ ಬಿಳಿ ಲೋಹದ ಬಳೆ. ಹೊಸದು ಕೊಳ್ಳೋಣ ಎಂದರೆ ಕಣ್ಣು ಕೆಂಪಾಗುತ್ತಿತ್ತು.

ಈ ಬರಹ ಆ ಕಣ್ಣಿನ ವಿಚಾರ.

ಏಳು ವರ್ಷದ ಹಿಂದೆ ಮಾವನವರ ಕೈಬೆರಳುಗಳ ಸಂದಿಯಲ್ಲಿ ಇಸುಬು ಶುರುವಾಯಿತು. ವಾಚಿನ ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆದು ತೊಳೆದು ಚರ್ಮ ಒಡೆದು ರಕ್ತ ಜಿನುಗುತ್ತಿತ್ತು. ಚರ್ಮದ ಡಾಕ್ಟರು ನೋಡಿ, ಒಂದು ಟ್ಯೂಬು ಬರೆದುಕೊಟ್ಟು, ಪೆಟ್ರೋಲಿಗೆ ಕೈಗವಸು ಹಾಕಿ ಎಂದರು. ಚೀಟಿಯಲ್ಲಿ ಸ್ಪಷ್ಟವಾಗಿತ್ತು: ಕೈಗೆ, ದಿನಕ್ಕೆ ಎರಡು ಸಲ, ಹದಿನಾಲ್ಕು ದಿನ, ಆಮೇಲೆ ಬಂದು ತೋರಿಸಿ. ಹನ್ನೆರಡನೆಯ ದಿನಕ್ಕೆ ಮಾವನವರ ಬೆರಳುಗಳು ಎಳೆ ಮಗುವಿನ ಬೆರಳುಗಳ ಹಾಗಾದವು. ತೋರಿಸಲು ಹೋಗೋಣವೇ ಎಂದೆ.

"ಓಡ್ತಿರೋ ವಾಚನ್ನ ಯಾರಾದ್ರೂ ರಿಪೇರಿಗೆ ತರ್ತಾರಾ?" ಎಂದರು. ನನಗೂ ಅದು ಸರಿಯೆನಿಸಿತು.

ಟ್ಯೂಬಿನಲ್ಲಿ ಅರ್ಧ ಉಳಿದಿತ್ತು. ಕೆಲವು ತಿಂಗಳ ನಂತರ ಅವರ ಬಲಗಣ್ಣಿನ ಸುತ್ತ, ಭೂತಗನ್ನಡಿ ಕೂರುವ ಜಾಗದಲ್ಲೇ ಕೆಂಪು ಗೆರೆಯೊಂದು ಎದ್ದು, ತುರಿಸತೊಡಗಿತು. ತುರಿಸುವ ಚರ್ಮದ ಮೇಲೆ ಗಾಜು ನಿಲ್ಲುವುದಿಲ್ಲ, ಜಾರುತ್ತದೆ. ಗಾಜು ಜಾರಿದರೆ ಕೆಲಸವಿಲ್ಲ. ಕೈಗೆ ಅಷ್ಟು ಚೆನ್ನಾಗಿ ಕೇಳಿದ ಮುಲಾಮು ಮುಖಕ್ಕೆ ಕೇಳದೆ ಇರುತ್ತದೆಯೇ ಎಂದು ಮಾವನವರು ಅದನ್ನೇ ಹಚ್ಚಿಕೊಂಡರು. ಎರಡೇ ದಿನದಲ್ಲಿ ಗೆರೆ ಮಾಯ. ಬಿಟ್ಟರೆ ಮತ್ತೆ ಬಂತು. ಮತ್ತೆ ಹಚ್ಚಿದರು. ಕೊನೆಗೆ ಬಿಡುವುದನ್ನೇ ಬಿಟ್ಟರು.

ಅವರು ಹಚ್ಚುತ್ತಿದ್ದ ರೀತಿ ನೋಡಿದರೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ವಾಚಿಗೆ ಎಣ್ಣೆ ಬಿಡುವ ಒಂದು ಸಣ್ಣ ಸೂಜಿಯಿದೆ. ಅದರ ತುದಿಯಲ್ಲಿ ನಿಲ್ಲುವ ಎಣ್ಣೆ ಬರಿಗಣ್ಣಿಗೆ ಕಾಣುವುದೂ ಕಷ್ಟ. ಅದಕ್ಕಿಂತ ಹೆಚ್ಚಾದರೆ ವಾಚು ಕೆಡುತ್ತದೆ. ಆ ಅಳತೆಯಲ್ಲಿ ನಲವತ್ತು ವರ್ಷ ಪಳಗಿದ ಕೈ ಟ್ಯೂಬಿನ ಬಾಯಿಯಿಂದ ಅಷ್ಟೇ ಅಷ್ಟು ಮುಲಾಮು ತೆಗೆದು, ಕೆಳರೆಪ್ಪೆ, ಮೇಲ್ರೆಪ್ಪೆ ಎಂದು ಸವರುತ್ತಿತ್ತು. ಬೆಳಿಗ್ಗೆ ಎಂಟಕ್ಕೆ, ಗಡಿಯಾರಗಳ ಕೀಲಿಯ ಜೊತೆಗೆ. ಒಂದು ದಿನವೂ ತಪ್ಪದೆ, ಐದು ವರ್ಷ. ಸ್ವಲ್ಪವೇ ಹಾಕಿದರೆ ಕೆಡುವುದಿಲ್ಲ, ದಿನವೂ ತಪ್ಪಿಸಬಾರದು ಎಂಬ ಕಸುಬಿನ ಎರಡು ಪಾಠಗಳನ್ನು ಅವರು ಹಾಗೇ ಎತ್ತಿ ತಮ್ಮ ಕಣ್ಣಿಗೆ ಹಾಕಿಕೊಂಡರು.

ಟ್ಯೂಬು ತರುತ್ತಿದ್ದವಳು ನಾನು. ನಾಲ್ಕು ಮನೆಯಾಚೆ ಮೆಡಿಕಲ್ ಶಾಪು. ಅದರ ಯಜಮಾನರನ್ನು ಬೀದಿಯವರೆಲ್ಲ ಮೆಡಿಕಲ್ ಅಣ್ಣ ಎನ್ನುತ್ತಾರೆ. ಮಾವನವರಿಗೆ ಮೂವತ್ತು ವರ್ಷದ ಗೆಳೆಯ. ಸಂಜೆ ಆರಕ್ಕೆ ಇಬ್ಬರೂ ಅರ್ಧ ಬಾಗಿಲಿನ ಆಚೆ ಈಚೆ ನಿಂತು ಚಹಾ ಕುಡಿಯುತ್ತ ಊರಿನವರನ್ನೆಲ್ಲ ಜಾಲಾಡಬೇಕು. ಮೊದಲೆರಡು ಸಲ ಅವರು ಚೀಟಿ ಕೇಳಿದ್ದರು. ಆಮೇಲೆ "ಅಣ್ಣ, ಮಾವನ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಟ್ಯೂಬು ಕಟ್ಟೆಯ ಮೇಲಿರುತ್ತಿತ್ತು. ಸೋಪು, ಹಲ್ಲಿನ ಪುಡಿ, ಮಾವನ ಮುಲಾಮು: ನನ್ನ ಚೀಲದಲ್ಲಿ ಮೂರೂ ಒಂದೇ.

ಪ್ರತಿ ಡಬ್ಬಿಯೊಳಗೆ ಮಡಿಸಿದ ತೆಳು ಕಾಗದವೊಂದು ಬರುತ್ತಿತ್ತು. ಅದು ಮಾವನವರಿಗೆ ಬಲು ಪ್ರಿಯ. ಓದುವುದಕ್ಕಲ್ಲ. ಆ ಕಾಗದದಿಂದ ನವಿರು ನಾರು ಏಳುವುದಿಲ್ಲವಂತೆ. ಬಿಚ್ಚಿದ ವಾಚಿನ ಸ್ಕ್ರೂಗಳನ್ನು ಸಾಲಾಗಿ ಇಡಲು ಹೇಳಿ ಮಾಡಿಸಿದ ಹಾಗಿದೆಯಂತೆ. ಕಣ್ಣಿನ ಹತ್ತಿರ ಬಳಸಬಾರದು ಎಂದು ಅದರಲ್ಲಿ ಅಚ್ಚಾಗಿತ್ತು ಎಂಬುದು ನಮಗೆ ತಿಳಿದದ್ದು ಬಹಳ ಆಮೇಲೆ. ಇರುವೆಯ ಮೊಟ್ಟೆಗಿಂತ ಸಣ್ಣ ಅಕ್ಷರ. ಇಡೀ ಮನೆಯಲ್ಲಿ ಅದನ್ನು ಓದಬಲ್ಲ ಗಾಜಿದ್ದದ್ದು ಅವರೊಬ್ಬರ ಬಳಿ.

ಎರಡು ವರ್ಷದ ಹಿಂದೆ ಮನೆಯಲ್ಲಿ ಜಗಳ ಹೆಚ್ಚಿತು. ಮೇಜಿನ ಬಲಗಡೆ ನಾನಿಟ್ಟ ಚಹಾ ಲೋಟ ಉರುಳುವುದು, ಸ್ಕ್ರೂಗಳು ಚೆಲ್ಲುವುದು, ಚಿಮುಟ ನೆಲಕ್ಕೆ ಬೀಳುವುದು. ಪ್ರತಿ ಸಲವೂ ಬೈಗುಳ ನನಗೆ.

"ಬೆಕ್ಕಿನ ಹಾಗೆ ಬಂದು ಇಟ್ಟು ಹೋಗ್ತೀಯ! ಒಂದು ಮಾತು ಹೇಳೋಕೆ ಬಾಯಿಲ್ವಾ?"

"ಲೋಟ ಕಣ್ಮುಂದೇ ಇದೆಯಲ್ಲ ಮಾವ, ಅದನ್ನೂ ಬಾಯಲ್ಲಿ ಹೇಳ್ಬೇಕಾ?"

ಒಂದು ದಿನ ಯಾರದೋ ತಾತನ ಕಾಲದ ವಾಚಿನ ಮೇಲೆಯೇ ಚಹಾ ಚೆಲ್ಲಿತು. ಅವರು ಬಾಯಿಗೆ ಬಂದ ಹಾಗೆ ಅಂದರು. ನಾನೂ ಬಿಡಲಿಲ್ಲ. ಎರಡು ದಿನ ಮಾತು ಬಿಟ್ಟೆವು. ನನ್ನ ಗಂಡ ನಡುವೆ ಸಿಕ್ಕಿ, "ಅಪ್ಪನಿಗೆ ಅನ್ನ ಬೇಕಂತೆ", "ಅವಳು ಸಾಕಾ ಅಂತ ಕೇಳ್ತಿದ್ದಾಳೆ" ಎಂದು ಸುದ್ದಿ ಸಾಗಿಸುತ್ತ ಸುಸ್ತಾದ.

ಮೂರನೆಯ ದಿನ ತರಕಾರಿ ತರಲು ಇಬ್ಬರೂ ಹೋಗಬೇಕಾಯಿತು. ಹೋಗುವಾಗ ಮಾತಿಲ್ಲ. ಬರುವಾಗ ಬಿಸಿಲಿಗೋ ಏನೋ ಅವರ ಮನಸ್ಸು ಕರಗಿ, ಆ ವಾಚು ಮತ್ತೆ ಓಡಿದ ಕಥೆ ಶುರುಮಾಡಿದರು. ನಾನು ಅವರ ಬಲಕ್ಕೆ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ನಡೆಯುತ್ತಿದ್ದೆ. ಕೋಪ ಪೂರ್ತಿ ಇಳಿದಿರದ ಕಾರಣ ಹೂಂಗುಟ್ಟಲಿಲ್ಲ. ಇದ್ದಕ್ಕಿದ್ದಂತೆ ಅವರು ನಿಂತರು. ಎಡಕ್ಕೆ ನೋಡಿದರು, ಹಿಂದಕ್ಕೆ ತಿರುಗಿ ನೋಡಿದರು.

"ಎಲ್ಲಿ ಹೋದ್ಲು ಇವಳು? ಈಗ ಇಲ್ಲೇ ಇದ್ಳಲ್ಲ."

ಕೀಟಲೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ನಗು ಕೇಳಿ ಅವರು ಬೆಚ್ಚಿಬಿದ್ದರು. ಆ ಬೆಚ್ಚಿದ ಮುಖ ನೋಡಿ ನಗು ನಿಲ್ಲಿಸಿದೆ. ಉರುಳಿದ ಲೋಟಗಳೆಲ್ಲ ಬಲಗಡೆ ಇಟ್ಟವೇ ಎಂದು ಅಲ್ಲೇ, ನಡುಬೀದಿಯಲ್ಲಿ ನನಗೆ ಹೊಳೆಯಿತು.

ಮರುದಿನವೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅವರನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚಿ, ಗಲ್ಲ ಊರಿ, ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಎಡಗಣ್ಣಿಗೆ ಟಕಟಕ ಒತ್ತಿದರು. ಬಲಗಣ್ಣಿನ ಸರದಿ ಬಂದಾಗ ಸದ್ದೇ ಇಲ್ಲ. ಯಾವಾಗಲೋ ಒಮ್ಮೆ ಟಕ್. ಮತ್ತೆ ಮೌನ. "ಇನ್ನೂ ಶುರು ಮಾಡಿಲ್ವಾಮ್ಮ?" ಎಂದು ಮಾವನವರು ಕೇಳಿದರು. ಯಂತ್ರ ಶುರುವಾಗಿ ಆರು ನಿಮಿಷವಾಗಿತ್ತು.

ಅಚ್ಚಾಗಿ ಬಂದ ಚಿತ್ರದಲ್ಲಿ ಎಡಗಣ್ಣು ಬೆಳ್ಳಗಿತ್ತು. ಬಲಗಣ್ಣಿನದು ಪೂರ್ತಿ ಕಪ್ಪು, ನಡುವೆ ಒಂದು ಬಿಳಿಯ ಚೂರು. ಕಣ್ಣಿನೊಳಗಿನ ಒತ್ತಡ ಏರಿ ನರವನ್ನು ಸದ್ದಿಲ್ಲದೆ ತಿಂದಿದೆ, ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ, ನೋವೂ ಇರುವುದಿಲ್ಲ ಎಂದರು ಡಾಕ್ಟರಮ್ಮ. ಬೇರೆಯವರಾಗಿದ್ದರೆ ಸ್ವಲ್ಪ ಮೊದಲು ಗೊತ್ತಾಗುತ್ತಿತ್ತೇನೋ. ಗಾಜಿನೊಳಗಿಂದ ಕಡಲೆಕಾಳಿನಷ್ಟು ಜಾಗವನ್ನೇ ನೋಡುತ್ತ ದಿನ ಕಳೆಯುವವರಿಗೆ ಸುತ್ತಲಿನ ಲೋಕ ಕಳೆದುಹೋದದ್ದು ಗೊತ್ತೇ ಆಗಲಿಲ್ಲ.

"ಏನಾದ್ರೂ ಔಷಧಿ ತಗೋತಿದ್ದೀರಾ?"

"ಒಂದು ಮಾತ್ರೆ ಕೂಡ ಇಲ್ಲ. ಗಟ್ಟಿ ಆಳು ನಾನು" ಎಂದರು ಮಾವನವರು. ನಾನೂ ತಲೆಯಾಡಿಸಿದೆ. ದೇವರಾಣೆಗೂ ಸುಳ್ಳು ಹೇಳಬೇಕೆಂದಲ್ಲ. ಮುಲಾಮನ್ನು ನಾವಿಬ್ಬರೂ ಔಷಧಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಡಾಕ್ಟರಮ್ಮ ಮತ್ತೆ ಬಗ್ಗಿ ಅವರ ರೆಪ್ಪೆಯನ್ನು ಬೆರಳಿನಿಂದ ಮೆಲ್ಲನೆ ಎಳೆದು ನೋಡಿದರು. ಅಲ್ಲಿಯ ಚರ್ಮ ಈರುಳ್ಳಿಯ ಒಳಸಿಪ್ಪೆಯ ಹಾಗಾಗಿ, ಒಳಗಿನ ರಕ್ತನಾಳಗಳ ಕೆಂಪು ಎಳೆಗಳು ಕಾಣುತ್ತಿದ್ದವು. ವಯಸ್ಸಾಯಿತಲ್ಲ ಎಂದುಕೊಂಡಿದ್ದೆ ನಾನು.

"ಇಲ್ಲಿ ಏನು ಹಚ್ತೀರಿ?"

ಮಾವನವರು ಹೇಳಿದರು. ಎಷ್ಟು ವರ್ಷದಿಂದ ಎಂದು ಕೇಳಿದಾಗ ಅದನ್ನೂ ಹೇಳಿದರು. ಕಣ್ಣಿನ ಒತ್ತಡ ಏರಿಸಿದ್ದು ಆ ಮುಲಾಮೇ ಎಂದರು ಡಾಕ್ಟರಮ್ಮ.

"ಹೋಗಿದ್ದು ವಾಪಸ್ ಬರುತ್ತಾ ಡಾಕ್ಟ್ರೇ?" ಎಂದು ಮಾವನವರು ಕೇಳಿದರು.

"ಇಲ್ಲ. ಅದು ಬರಲ್ಲ."

"ನಡುವೆ ಉಳಿದಿದೆಯಲ್ಲ, ಅದು?"

"ಅದನ್ನ ಉಳಿಸ್ಕೊಳ್ಳೋಕೆ ನೋಡೋಣ. ಡ್ರಾಪ್ಸ್ ಕೊಡ್ತೀನಿ. ಆ ಕ್ರೀಮ್ ಇವತ್ತಿಂದ ಕಣ್ಣಿನ ಹತ್ರ ಬರಬಾರದು. ಇಷ್ಟು ವರ್ಷ ಹಚ್ಚಿದ್ದು, ಬಿಟ್ಟ ಮೇಲೆ ಚರ್ಮ ಕೆರಳುತ್ತೆ. ನಾಳೆನೇ ಚರ್ಮದ ಡಾಕ್ಟ್ರನ್ನ ನೋಡಿ."

ಬಸ್ಸಿನಲ್ಲಿ ಬರುವಾಗ ಮಾವನವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನಗೆ ಅಳು ತಡೆಯಲಿಲ್ಲ. ಒಂದು ವರ್ಷ ಈ ಮನುಷ್ಯ ನನ್ನ ಮೇಲೆ ಹರಿಹಾಯ್ದರು, ಒಂದು ವರ್ಷ ನಾನು ಎದುರುತ್ತರ ಕೊಟ್ಟೆ, ಇಬ್ಬರಲ್ಲಿ ಒಬ್ಬರಿಗಾದರೂ ಒಂದು ಸಲ ಯೋಚಿಸಬೇಕು ಅನ್ನಿಸಲಿಲ್ಲವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಚರ್ಮದ ಡಾಕ್ಟರು ಅದೇ ಹಳೆಯವರು. ಮಾವನವರು ಆರು ವರ್ಷದ ಹಿಂದಿನ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಹರಡಿ, ವಾದಕ್ಕೆ ನಿಂತರು. "ನೀವೇ ಬರೆದಿದ್ದು ಸ್ವಾಮಿ. ನೀವು ಹೇಳಿದ್ದಕ್ಕಿಂತ ಕಮ್ಮಿನೇ ಹಚ್ಚಿದ್ದೀನಿ. ಸೂಜಿ ತುದಿಯಷ್ಟು."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಮಾವನವರಿಗೆ ಹಗುರಾಗುತ್ತಿತ್ತೇನೋ. ಚೀಟಿಯ ಮೇಲೆ ಬೆರಳಿಟ್ಟು ಓದಿಸಿದರು. ಕೈಗೆ. ಹದಿನಾಲ್ಕು ದಿನ. ಬಂದು ತೋರಿಸಿ.

"ಅಂಗೈ ಚರ್ಮ ದಪ್ಪ ಯಜಮಾನ್ರೇ, ಅದಕ್ಕೆ ಜೋರಾದ ಸ್ಟೀರಾಯ್ಡ್ ಬೇಕು. ರೆಪ್ಪೆ ಚರ್ಮ ಮೈಯಲ್ಲೇ ಎಲ್ಲಕ್ಕಿಂತ ತೆಳು. ಕೈಯಲ್ಲಿ ಮೇಲೇ ನಿಲ್ಲೋದು ಅಲ್ಲಿ ಒಳಗಿಳಿಯುತ್ತೆ. ಕಮ್ಮಿ ಹಚ್ಚಿದೆ ಅಂತೀರ, ಸರಿ. ದಿನ ಎಷ್ಟಾಯ್ತು?"

ಮಾವನವರು ಚೀಟಿಯನ್ನು ಮೆಲ್ಲನೆ ಮಡಿಸಿ ಜೇಬಿಗೆ ಹಾಕಿಕೊಂಡರು.

ಆ ಗೆರೆ ಯಾಕೆ ಬರುತ್ತಿತ್ತು ಎಂಬುದನ್ನೂ ಅವರೇ ಹುಡುಕಿದರು. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡಿದಾಗ, ನಿಕ್ಕಲ್ ಹಚ್ಚಿದ ಜಾಗ ಕೆಂಪಗೆ ಊದಿತ್ತು. ಗುರುಗಳು ಕೊಟ್ಟ ಗಾಜಿನ ಆ ಬಿಳಿ ಬಳೆಯಲ್ಲಿ ಇದ್ದದ್ದೂ ನಿಕ್ಕಲ್ಲೇ. ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ ಐದು ವರ್ಷ ಮುಲಾಮು ಹಚ್ಚಿದ್ದಾಯಿತು. ಗಾಜನ್ನು ಕನ್ನಡಕಕ್ಕೆ ಸಿಕ್ಕಿಸಿಕೊಳ್ಳುವ ಹೊಸ ಬಗೆಯದು ತಂದೆವು. ಹಳೆಯದನ್ನು ಅವರು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಬಿಸಾಡಿ ಎನ್ನುವಷ್ಟು ಧೈರ್ಯ ನನಗಿರಲಿಲ್ಲ.

ನಿಜವಾದ ಪರೀಕ್ಷೆ ಆಮೇಲಿನದು. ಮುಲಾಮು ನಿಲ್ಲಿಸಿದ ನಾಲ್ಕನೆಯ ದಿನ ಕಣ್ಣಿನ ಸುತ್ತ ಬೆಂಕಿ ಬಿದ್ದ ಹಾಗೆ ಕೆಂಪೇರಿ, ರೆಪ್ಪೆ ಊದಿ, ಸಿಪ್ಪೆ ಏಳತೊಡಗಿತು. ಡಾಕ್ಟರು ಮೊದಲೇ ಹೇಳಿದ್ದರು. ಸ್ಟೀರಾಯ್ಡ್ ಇಲ್ಲದ ಇನ್ನೊಂದು ಮುಲಾಮನ್ನೂ ಕೊಟ್ಟಿದ್ದರು. ಆದರೂ ಆ ಮೂರು ವಾರ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಂಗಡಿ ಮುಚ್ಚಿತ್ತು. ಒದ್ದೆ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು ಗೋಡೆಗೊರಗಿ ಕೂತಿರುತ್ತಿದ್ದರು.

"ಒಂದೇ ಒಂದು ಸಲ ಕೊಡಮ್ಮ. ಎಲ್ಲಿಟ್ಟಿದ್ದೀಯ ಹೇಳು."

"ಕೊಡಲ್ಲ ಮಾವ."

"ನಾನು ನಿನ್ನ ಕೇಳ್ಬೇಕಾ ನನ್ನ ಮನೇಲಿ?"

"ಬೈರಿ. ಎಷ್ಟು ಬೇಕಾದ್ರೂ ಬೈರಿ. ಕೊಡಲ್ಲ."

ಬೈದರು. ಆಮೇಲೆ ಅತ್ತರು. ನಾನು ಪಕ್ಕದಲ್ಲಿ ಕೂತು ಬಟ್ಟೆ ನೆನೆಸಿ ಹಿಂಡಿ ಕೊಡುತ್ತಿದ್ದೆ. ಟ್ಯೂಬನ್ನು ನಾನು ಎಂದೋ ಆಸ್ಪತ್ರೆಯಲ್ಲೇ ಕೊಟ್ಟು ಬಂದಿದ್ದೆ ಎಂದು ಅವರಿಗೆ ಹೇಳಿರಲಿಲ್ಲ. ಮನೆಯಲ್ಲಿ ಇದೆ ಎಂದುಕೊಂಡರೆ ಮೆಡಿಕಲ್ ಶಾಪಿನ ಕಡೆ ಹೆಜ್ಜೆ ಹಾಕುವುದಿಲ್ಲ ಎಂಬುದು ನನ್ನ ಉಪಾಯ.

ಹಾಗೆ ನೋಡಿದರೆ ಅವರು ಆ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಸುದ್ದಿ ಕೇಳಿ ಮೆಡಿಕಲ್ ಅಣ್ಣ ಒಂದು ಸಂಜೆ ಅರ್ಧ ಬಾಗಿಲ ಹತ್ತಿರ ಬಂದು ನಿಂತರು. ಮಾವನವರು ತಲೆಯೆತ್ತಲಿಲ್ಲ. ಅಣ್ಣ ಐದು ನಿಮಿಷ ನಿಂತು ಹೋದರು. ಆರು ಗಂಟೆಯ ಚಹಾ ಒಂದೇ ಲೋಟಕ್ಕೆ ಇಳಿಯಿತು.

ಚರ್ಮ ನಿಧಾನಕ್ಕೆ ತಣ್ಣಗಾಯಿತು. ಮೂರು ತಿಂಗಳಿಗೆ ಕಣ್ಣಿನ ಒತ್ತಡ ಇಳಿಯಿತು. ಎಂಟನೆಯ ತಿಂಗಳು ಮತ್ತೆ ಯಂತ್ರದ ಮುಂದೆ ಕೂತಾಗ ಕಪ್ಪು ಹೆಚ್ಚಾಗಿರಲಿಲ್ಲ. ಡ್ರಾಪ್ಸ್ ಮಾತ್ರ ಇನ್ನು ಜೀವನಪೂರ್ತಿ ಎಂದರು ಡಾಕ್ಟರಮ್ಮ. ಚಳಿ ಹೆಚ್ಚಾದಾಗ ಕೈಯ ಇಸುಬು ತಿರುಗಿ ಬಂತು, ಚರ್ಮದ ಡಾಕ್ಟರು ಕೈಗೆಂದು ಅದೇ ಜಾತಿಯ ಮುಲಾಮು ಬರೆದರು. ನನಗೆ ಜೀವವೇ ಹೋಯಿತು. ಬೇಡವೇ ಬೇಡ ಎಂದು ಪಟ್ಟು ಹಿಡಿದೆ.

"ಅದೇನು ಹಾವಾ? ಎಲ್ಲಿಗೆ, ಎಷ್ಟು, ಎಷ್ಟು ದಿನ ಅಂತ ಕೇಳ್ಕೊಂಡು ಬಂದಿದ್ದೀನಿ" ಎಂದು ಮಾವನವರೇ ನನ್ನನ್ನು ಗದರಿಸಿದರು. ಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಎರಡು ಅಂಗೈ ಅಗಲದ ಜಾಗಕ್ಕೆ ಸಾಕಂತೆ. ಹಚ್ಚಿದ ಕೈ ಕಣ್ಣಿಗೆ ತಾಗಬಾರದಂತೆ. ರಿಪೇರಿಗೆ ಬಂದ ವಾಚಿನ ಬೆನ್ನಿನ ಒಳಗೆ ತಾರೀಕು ಕೆರೆದಿಡುವುದು ಅವರ ಅಭ್ಯಾಸ. ಹಾಗೇ ಟ್ಯೂಬಿನ ಮೇಲೆ ಶುರುವಿನ ದಿನ, ನಿಲ್ಲಿಸುವ ದಿನ ಎರಡನ್ನೂ ಸೂಜಿಯಿಂದ ಕೆರೆದರು. ಆ ದಿನ ನಿಲ್ಲಿಸಿದರು, ಡಾಕ್ಟರಿಗೆ ಹೋಗಿ ತೋರಿಸಿಯೂ ಬಂದರು.

ಕಳೆದ ತಿಂಗಳು ಆಸ್ಪತ್ರೆಯ ಅಂಗಡಿಯಲ್ಲಿ ಡ್ರಾಪ್ಸ್ ಮುಗಿದುಹೋಗಿತ್ತು. ಬೇರೆ ದಾರಿಯಿಲ್ಲದೆ ಮಾವನವರು ನನ್ನ ಜೊತೆ ಮೆಡಿಕಲ್ ಅಣ್ಣನ ಅಂಗಡಿಯ ಮೆಟ್ಟಿಲು ಹತ್ತಿದರು. ಅಣ್ಣ ಎದ್ದು ನಿಂತರು. ಮಾವನವರು ಚೀಟಿ ಚಾಚಿದರು, ಅಣ್ಣ ಬಾಟಲಿ ಹುಡುಕತೊಡಗಿದರು.

ಅಷ್ಟರಲ್ಲಿ ಒಬ್ಬ ಹೆಂಗಸು ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದಳು. ಮಗುವಿನ ಕೆನ್ನೆ, ಕಣ್ಣಿನ ಕೆಳಗೆಲ್ಲ ಕೆಂಪು ಒರಟು ಮಚ್ಚೆ. ಆಕೆ ಕೇಳಿದ್ದು ಅದೇ ಟ್ಯೂಬು, ಹೆಸರು ಹಿಡಿದು. ಪಕ್ಕದ ಮನೆಯವರ ಮೊಣಕಾಲಿಗೆ ಎರಡು ದಿನದಲ್ಲಿ ವಾಸಿಯಾಯಿತಂತೆ. ಅಣ್ಣನ ಕೈ ಅಭ್ಯಾಸಬಲದಿಂದ ಮೇಲಿನ ಹಲಗೆಗೆ ಹೋಗಿ, ಟ್ಯೂಬು ಹಿಡಿದು, ಅಲ್ಲೇ ನಿಂತಿತು.

"ಚೀಟಿ ಇದೆಯಾ ತಾಯಿ?" ಎಂದು ಕೇಳಿದವರು ಮಾವನವರು.

"ಚೀಟಿ ಯಾಕೆ? ಬರೀ ಕ್ರೀಮ್ ತಾನೆ."

ಮಾವನವರು ಎಡ ಅಂಗೈಯಿಂದ ತಮ್ಮ ಎಡಗಣ್ಣು ಮುಚ್ಚಿಕೊಂಡು ಆಕೆಯ ಕಡೆ ತಿರುಗಿದರು.

"ನಿನ್ನ ಕೈ ನನ್ನ ಬಲಗಿವಿ ಹತ್ರ ಹಿಡಿ. ಹಾಗೇ ಮೆಲ್ಲಗೆ ಮುಂದಕ್ಕೆ ತಗೊಂಡು ಬಾ. ಕಂಡಾಗ ಹೇಳ್ತೀನಿ."

ಆಕೆಗೆ ಏನೆಂದು ತಿಳಿಯಲಿಲ್ಲ. ಹಿರಿಯರು ಹೇಳಿದರಲ್ಲ ಎಂದು ಕೈ ಎತ್ತಿದಳು. ಕೈ ಕಿವಿಯನ್ನು ದಾಟಿತು, ಕಣತಲೆ ದಾಟಿತು, ಹುಬ್ಬಿನ ಕೊನೆಗೆ ಬಂತು. ಮಾವನವರು ಸುಮ್ಮನೆ ನಿಂತಿದ್ದರು. ಆಕೆ ಒಮ್ಮೆ ನನ್ನ ಮುಖ ನೋಡಿದಳು. ಕೈ ಇನ್ನೂ ಮುಂದೆ ಬಂತು. ಬೆರಳುಗಳು ಹೆಚ್ಚುಕಡಿಮೆ ಮೂಗಿನೆದುರು ಬಂದಾಗ ಮಾವನವರು ಅಂದರು: "ಈಗ ಕಾಣಿಸ್ತು."

ಎಷ್ಟು ಹೋಗಿದೆ ಎಂದು ಮೆಡಿಕಲ್ ಅಣ್ಣ ಕಂಡದ್ದು ಆಗಲೇ. ಇಷ್ಟು ತಿಂಗಳು ಕೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ. ಟ್ಯೂಬು ಹಿಡಿದ ಕೈಯನ್ನು ಕಟ್ಟೆಯ ಮೇಲೆ ಊರಿಕೊಂಡು ಹಾಗೇ ಕುರ್ಚಿಗೆ ಕುಸಿದರು.

"ನಾನೇ ಕೊಟ್ಟಿದ್ದು ಕಣೋ" ಎಂದರು.

"ನಾನೇ ಹಚ್ಕೊಂಡಿದ್ದು" ಎಂದರು ಮಾವನವರು.

ತಂದವಳು ನಾನು ಎಂದು ಹೇಳಬೇಕೆನಿಸಿತು. ಆ ಹೆಂಗಸು ಮಗುವಿನ ಮುಖವನ್ನು ಸೆರಗಿನಿಂದ ಮೆಲ್ಲನೆ ಒರೆಸಿ, ಚರ್ಮದ ಡಾಕ್ಟರು ಎಲ್ಲಿ ಕೂರುತ್ತಾರೆ ಎಂದು ನನ್ನನ್ನು ಕೇಳಿದಳು. ಬಾಯಲ್ಲಿ ಹೇಳಿದರೆ ಸಾಲದು ಎನಿಸಿ, ಗೆಳೆಯರಿಬ್ಬರನ್ನು ಅಲ್ಲೇ ಬಿಟ್ಟು, ಆಕೆಯ ಜೊತೆ ಚರ್ಮದ ಡಾಕ್ಟರ ಆಸ್ಪತ್ರೆಯ ಬಾಗಿಲವರೆಗೂ ನಡೆದುಕೊಂಡು ಹೋದೆ.